ಘಟ್ಟದ ಮೇಲಿನ ಹುಡುಗಿಯರು, ಕಡಲೊಳಗಿನ ಹವಳ

ಪ್ರಶ್ನೆ: ನಾನು ಹಾಸನದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಜೀವಶಾಸ್ತ್ರ ಉಪನ್ಯಾಸಕಿ. ಹವಳದ ದಿಬ್ಬಗಳು ಸಾಯುತ್ತಿವೆ ಎಂದು ಪಾಠ ಮಾಡಿದಾಗ ಕೆಲವು ಹುಡುಗಿಯರು ನಿಜಕ್ಕೂ ಬೇಜಾರಾದರು. "ನಾವೇನು ಮಾಡಬಹುದು ಮಿಸ್?" ಎಂದು ಕೇಳಿದರು. ಅವರನ್ನು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಕರೆದುಕೊಂಡು ಹೋಗುವ ಆಸೆ ಇದೆ. ಆದರೆ ಹೆಚ್ಚಿನವರಿಗೆ ಈಜು ಬರುವುದಿಲ್ಲ. ಮನೆಯವರು ಒಪ್ಪುವುದು ಕಷ್ಟ. ಖರ್ಚೂ ಜಾಸ್ತಿ. ಕಡಲಿಂದ ಇಷ್ಟು ದೂರ ಇರುವ ಮಕ್ಕಳು ಒಮ್ಮೆ ನೀರಿಗಿಳಿದು ಬಂದರೆ ಹವಳ ಉಳಿಸುವವರಾಗುತ್ತಾರಾ, ಇಲ್ಲ ಇದು ಬರೀ ಟೂರ್ ಆಗಿಬಿಡುತ್ತದಾ?

ಉತ್ತರ: ಮೇಡಂ, ಒಂದೇ ಸಲ ಹೋಗಿ ಬಂದರೆ ಅದು ಟೂರೇ. ಫೋಟೋ ಉಳಿಯುತ್ತದೆ, ಒಂದು ತಿಂಗಳು ಮಾತಿರುತ್ತದೆ, ಆಮೇಲೆ ಪರೀಕ್ಷೆ ಬರುತ್ತದೆ. ಹಾಗಂತ ಆಸೆ ಬಿಡಬೇಡಿ. ಡೈವಿಂಗನ್ನು ಮೊದಲಿಗೆ ಇಡುವ ಬದಲು ಕೊನೆಗೆ ಇಡಿ. ಮೊದಲು ಈಜುಕೊಳ, ಆಮೇಲೆ ಕಡಲ ದಡದ ಬಂಡೆ, ಆಮೇಲೆ ನೇತ್ರಾಣಿ. ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗಬೇಕು. ಪ್ರತಿ ಹುಡುಗಿಗೂ ಅಲ್ಲಿ ನೋಡುವ ಒಂದು ಕೆಲಸ ಇರಬೇಕು. ನನ್ನ ಸಲಹೆ ಇಷ್ಟೇ. ಇನ್ನು ಹೇಳುವುದೆಲ್ಲ ಅದನ್ನು ಮಾಡುವುದು ಹೇಗೆ ಎಂಬುದರ ಬಗ್ಗೆ.

ನಾನೂ ಮೂಡಿಗೆರೆ ಕಡೆಯವಳು. ನಮ್ಮಲ್ಲಿ ಹುಡುಗಿಯರು ನೀರಿಂದ ಹೇಗೆ ದೂರ ಆಗುತ್ತಾರೆ ಅಂತ ನಿಮಗೂ ಗೊತ್ತು. ಚಿಕ್ಕವರಿದ್ದಾಗ ಹಳ್ಳದಲ್ಲಿ ಆಡುತ್ತಾರೆ. ದೊಡ್ಡವರಾದ ಕೂಡಲೇ "ಸಾಕು, ಇನ್ನು ನೀರಿಗಿಳಿಯಬೇಡ" ಅನ್ನುತ್ತಾರೆ. ಅಣ್ಣತಮ್ಮಂದಿರು ಕೆರೆಯಲ್ಲಿ ಈಜು ಕಲಿಯುತ್ತಾರೆ, ಇವರು ದಡದಲ್ಲಿ ನಿಲ್ಲುತ್ತಾರೆ. ಇದು ಸಣ್ಣ ವಿಷಯ ಅಲ್ಲ. 2004ರ ಸುನಾಮಿಯಲ್ಲಿ ತಮಿಳುನಾಡಿನ ಎಷ್ಟೋ ಹಳ್ಳಿಗಳಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಹೆಣ್ಣುಮಕ್ಕಳಿಗೆ ಈಜು ಬಾರದೇ ಇದ್ದದ್ದು ಅದಕ್ಕೆ ಒಂದು ಕಾರಣ. ಹವಳದ ಮಾತು ಬಿಟ್ಟರೂ ಈಜು ಕಲಿಸುವುದು ಒಳ್ಳೆಯ ಕೆಲಸವೇ. ತಂದೆತಾಯಿಗೂ ಮೊದಲು ಇದನ್ನೇ ಹೇಳಿ.

ಈಜು ಬಾರದವರನ್ನೂ ಡೈವಿಂಗ್‌ನವರು ನೀರಿಗೆ ಇಳಿಸುತ್ತಾರೆ. ಇನ್‌ಸ್ಟ್ರಕ್ಟರ್ ಹಿಂದಿನಿಂದ ಹಿಡಿದುಕೊಂಡೇ ಇರುತ್ತಾರೆ. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ನೀರಿನ ಭಯ ಇರುವ ಹುಡುಗಿಗೆ ಕೆಳಗೆ ಏನೂ ಕಾಣುವುದಿಲ್ಲ. ಅವಳ ಮನಸ್ಸೆಲ್ಲ ಉಸಿರಿನ ಮೇಲೆ, ಯಾವಾಗ ಮೇಲೆ ಬರುತ್ತೇನೋ ಎಂಬುದರ ಮೇಲೆ ಇರುತ್ತದೆ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಹವಳದ ಮುಂದೆ ಕಣ್ಣು ಮುಚ್ಚಿಕೊಂಡಂತೆ ಆಗುತ್ತದೆ. ಅದಕ್ಕೇ ಒಂದೆರಡು ತಿಂಗಳು ಈಜುಕೊಳಕ್ಕೆ ಕಳಿಸಿ. ವೇಗವಾಗಿ ಈಜುವುದು ಬೇಕಿಲ್ಲ. ಅಂಗಾತ ತೇಲಬೇಕು. ಮುಖ ನೀರಿಗಿಟ್ಟು ಸ್ನಾರ್ಕೆಲ್ ಎಂಬ ಕೊಳವೆಯಲ್ಲಿ ಬಾಯಿಂದ ಉಸಿರಾಡಬೇಕು. ಮಾಸ್ಕ್‌ಗೆ ನೀರು ನುಗ್ಗಿದರೆ ಗಾಬರಿಯಾಗದೆ ಮೂಗಿಂದ ಊದಿ ಹೊರಹಾಕಬೇಕು. ಈ ಮೂರು ಬಂದರೆ ಸಾಕು. ಮಾಸ್ಕ್ ಮಂಜಾಗದಿರಲು ಗಾಜಿನ ಒಳಗೆ ಉಗುಳು ಸವರಿ ತೊಳೆಯುತ್ತಾರೆ. ಮೊದಲ ದಿನ "ಛೀ" ಅನ್ನುತ್ತಾರೆ, ಎರಡನೇ ದಿನ ಕೇಳದೇ ಮಾಡುತ್ತಾರೆ. ಒಂದು ಮಾತು ಮರೆಯಬೇಡಿ: ಹೇಮಾವತಿ ಹಿನ್ನೀರಲ್ಲಿ ಕಲಿಸಲು ಹೋಗಬೇಡಿ. ಅಲ್ಲಿ ಆಳ ತಿಳಿಯುವುದಿಲ್ಲ, ಕೆಸರಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ.

ಈಗ ಎರಡನೇ ಹೆಜ್ಜೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಹವಳ ನೋಡಲು ಡೈವಿಂಗೇ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹವಳದ ಹತ್ತಿರದ ನೆಂಟರು ನಮ್ಮ ಕರಾವಳಿಯ ಬಂಡೆಗಳ ಮೇಲೇ ಇದ್ದಾರೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಕಾಪು ದೀಪಸ್ತಂಭದ ಸುತ್ತಲ ಬಂಡೆಗಳು, ಮುರ್ಡೇಶ್ವರದ ಆಸುಪಾಸು, ಹೀಗೆ ಬಂಡೆ ಇರುವ ಕಡೆಯೆಲ್ಲ ಕಡಲು ಇಳಿದಾಗ ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜಾಸ್ತಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಉಬ್ಬರವಿಳಿತದ ಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ. ಕಡಲು ಪೂರ್ತಿ ಇಳಿಯುವ ಹೊತ್ತಿಗೆ ಒಂದು ಗಂಟೆ ಮೊದಲು ಅಲ್ಲಿರಿ, ನೀರು ತಿರುಗಿದ ಕೂಡಲೇ ಎಲ್ಲರನ್ನೂ ಮೇಲೆ ಕರೆಯಿರಿ. ಪಾಚಿ ಕಟ್ಟಿದ ಬಂಡೆ ಭಾರೀ ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು.

ಅಂಥ ಒಂದು ಗುಂಡಿಯ ಪಕ್ಕ ಹುಡುಗಿಯರನ್ನು ಕೂರಿಸಿ. ಹತ್ತು ನಿಮಿಷ ಮಾತಾಡಬಾರದು, ಫೋನ್ ತೆಗೆಯಬಾರದು. ಮೊದಲು ಏನೂ ಕಾಣುವುದಿಲ್ಲ. ಬಂಡೆಗೆ ಅಂಟಿದ ಬೂದು ಬಣ್ಣದ ಸಣ್ಣ ಗುಬುಟುಗಳು ಕಲ್ಲೇ ಅನಿಸುತ್ತವೆ. ಅವು ಬಾರ್ನಕಲ್‌ಗಳು, ಹವಳದ ನೆಂಟರಲ್ಲ, ಸೀಗಡಿಯ ಬಳಗದ ಪ್ರಾಣಿಗಳು. ನೀರೊಳಗೆ ಇರುವವು ಸ್ವಲ್ಪ ಹೊತ್ತಿಗೆ ಬಾಯಿ ತೆರೆಯುತ್ತವೆ. ಒಳಗಿಂದ ಗರಿಯಂಥ ಕಾಲುಗಳು ಹೊರಗೆ ಬಂದು ನೀರನ್ನು ಗೋರಿ ಒಳಗೆ ಹೋಗುತ್ತವೆ. ಮತ್ತೆ ಹೊರಗೆ, ಮತ್ತೆ ಒಳಗೆ. ಯಾರಾದರೂ ಬಗ್ಗಿ ನೆರಳು ಬಿದ್ದರೆ ಎಲ್ಲ ಒಟ್ಟಿಗೆ ಪಟ್ಟಂತ ಮುಚ್ಚಿಕೊಳ್ಳುತ್ತವೆ. ಆ ಮುಚ್ಚುವುದನ್ನು ಒಮ್ಮೆ ನೋಡಿದ ಹುಡುಗಿ ಆಮೇಲೆ ತಾನಾಗಿಯೇ ನೆರಳು ಬೀಳದ ಹಾಗೆ ಸರಿದು ಕೂರುತ್ತಾಳೆ. ಯಾರೂ ಹೇಳಿಕೊಡಬೇಕಾಗಿಲ್ಲ. ಹವಳ ಕಾಯುವ ಕೆಲಸ ಅಲ್ಲೇ ಶುರುವಾಯಿತು ಅಂತ ನಾನು ನಂಬುತ್ತೇನೆ.

ಪಕ್ಕದಲ್ಲೇ ಹಸಿರು ಮಿಶ್ರಿತ ಕಂದು ಬಣ್ಣದ ಪುಟ್ಟ ಬಿಲ್ಲೆಗಳು ಒತ್ತೊತ್ತಾಗಿ ಹಾಸಿಕೊಂಡಿರುವುದು ಕಾಣಬಹುದು. ಪ್ರತಿ ಬಿಲ್ಲೆಯ ಅಂಚಿಗೂ ಸಣ್ಣ ಎಳೆಗಳು. ಅವು ಜೋಆಂತಿಡ್‌ಗಳು, ನಾನು ಹೇಳಿದ ಹವಳದ ನೆಂಟರು. ಅವುಗಳಿಗೆ ಹವಳದ ಹಾಗೆ ಸುಣ್ಣದ ಮನೆ ಇಲ್ಲ, ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಹವಳವೇ. ಅದೇ ರೀತಿಯ ಬಾಯಿ, ಅದೇ ರೀತಿಯ ಎಳೆಗಳು. ಹಲವು ಜಾತಿಗಳ ಮೈಯೊಳಗೆ ಅದೇ ಬಗೆಯ ಪಾಚಿಯೂ ಇರುತ್ತದೆ. ಇದನ್ನು ಮುಟ್ಟಿಸಬೇಡಿ. ಕೆಲವು ಜಾತಿಗಳಲ್ಲಿ ಕಟುವಾದ ವಿಷ ಇದೆ. ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿದರೆ ಕಷ್ಟ.

ಇಲ್ಲಿ ಕೂತು ಪಾಠ ಮಾಡಿ. ಕ್ಲಾಸಲ್ಲಿ ತಲೆಗೆ ಹೋಗದ್ದು ಇಲ್ಲಿ ಹೋಗುತ್ತದೆ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದೊಂದು ಪ್ರಾಣಿ. ಜೆಲ್ಲಿ ಮೀನಿನ ಬಳಗ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒಟ್ಟಿಗಿದ್ದು ಕೆಳಗೆ ಸುಣ್ಣ ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಬಿಸಿಲಲ್ಲಿ ಆಹಾರ ತಯಾರಿಸಿ ಪಾಲಿಪ್‌ಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯ 90 ಶೇಕಡಾವರೆಗೂ ಹೀಗೇ ಬರುತ್ತದೆ. ಕಡಲು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಈ ಸಂಬಂಧ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ಬಿಳಿಚಿಕೊಂಡ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ಬಿಸಿ ಬೇಗ ಇಳಿದರೆ ಪಾಚಿ ಮತ್ತೆ ಸೇರಿ ಚೇತರಿಸಿಕೊಳ್ಳಬಹುದು. ಇಳಿಯದಿದ್ದರೆ ಸಾಯುತ್ತದೆ. ಕಡಲ ತಳದಲ್ಲಿ ಒಂದು ಶೇಕಡಾಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳನ್ನು ಕಡಲ ಜೀವಿಗಳಲ್ಲಿ ಸುಮಾರು ಕಾಲು ಭಾಗ ನಂಬಿಕೊಂಡಿವೆ.

ಅಜ್ಜಿಯ ಕರಿಮಣಿ ಸರದಲ್ಲಿರುವ ಕೆಂಪು ಹವಳ ಇದೇನಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಲ್ಲ. ಒಡವೆಯ ಕೆಂಪು ಹವಳ ಬೇರೆ ಜಾತಿ, ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನದು. ದಿಬ್ಬ ಕಟ್ಟುವ ಹವಳವನ್ನು ನಮ್ಮ ದೇಶದಲ್ಲಿ ಕೀಳುವುದು, ಮಾರುವುದು, ಮನೆಗೆ ತರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಹವಳವೂ ಇದೆ. ಬೀಚಿನ ಅಂಗಡಿಯಲ್ಲಿ ಬಿಳಿ ಹವಳದ ತುಂಡು ಮಾರಾಟಕ್ಕಿದ್ದರೆ ಅದು ಹುಲಿ ಉಗುರು ಮಾರಿದ ಹಾಗೇ ಕಾನೂನು ಮುರಿದದ್ದು. ನಿಮ್ಮ ಹುಡುಗಿಯರಿಗೆ ಇದು ಗೊತ್ತಿರಲಿ. ಅಂಗಡಿಯವರ ಜೊತೆ ಜಗಳ ಬೇಡ, ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು.

ಇನ್ನು ನೋಡುವ ಕೆಲಸ. ಪಿವಿಸಿ ಪೈಪಿನಿಂದ ಅರ್ಧ ಮೀಟರ್ ಚೌಕ ಮಾಡಿಕೊಳ್ಳಿ. ಅದಕ್ಕೆ ದಾರ ಕಟ್ಟಿ 25 ಮನೆ ಮಾಡಿ. ಬಂಡೆಯ ಗೊತ್ತಾದ ಒಂದು ಜಾಗದ ಮೇಲೆ ಇಟ್ಟು, ಪ್ರತಿ ಮನೆಯಲ್ಲೂ ಏನಿದೆ ಅಂತ ಪೆನ್ಸಿಲಲ್ಲಿ ಬರೆಸಿ. ನವೆಂಬರ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ. ಅದೇ ಬಂಡೆ, ಅದೇ ಚೌಕ, ಅದೇ ಹುಡುಗಿ. ಎರಡನೇ ಸಲ ಹೋದಾಗ "ನನ್ನ ಮೂಲೆಯಲ್ಲಿದ್ದ ಅನಿಮೋನ್ ಎಲ್ಲಿ?" ಅಂತ ಅವಳೇ ಹುಡುಕುತ್ತಾಳೆ. ಅನಿಮೋನ್ ಅಂದರೆ ಬಂಡೆಗೆ ಅಂಟಿಕೊಂಡಿರುವ, ಎಳೆಗಳಿರುವ ಮೆತ್ತನೆಯ ಪ್ರಾಣಿ, ಹವಳದ ಇನ್ನೊಂದು ನೆಂಟ. ತೆಗೆದ ಚಿತ್ರಗಳನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿಸಿ. ಗುರುತು ಹಿಡಿಯಲು ಬೇರೆ ಊರಿನ ತಿಳಿದವರು ನೆರವಾಗುತ್ತಾರೆ. ಹಾಸನದ ಹುಡುಗಿ ದಾಖಲಿಸಿದ್ದು ಮುಂದೆ ಸಂಶೋಧಕರೊಬ್ಬರ ಕೆಲಸಕ್ಕೂ ಬರಬಹುದು.

ದುಡ್ಡಿನ ವಿಚಾರಕ್ಕೆ ನನ್ನ ಮಾತು ಸ್ವಲ್ಪ ಕಠಿಣ ಅನಿಸಬಹುದು. 40 ಮಂದಿಯನ್ನು ಒಮ್ಮೆ ಕರೆದೊಯ್ಯುವ ಬದಲು 8 ಮಂದಿಯನ್ನು ಐದು ಸಲ ಕರೆದೊಯ್ಯಿರಿ. ಎಲ್ಲರಿಗೂ ಅವಕಾಶ ಸಿಗಬೇಕು ಅಂತ ನಿಮಗೆ ಅನಿಸುವುದು ಸಹಜ. ಆದರೆ ಗಟ್ಟಿಯಾಗಿ ಕಲಿತ ಎಂಟು ಮಂದಿ ಮುಂದಿನ ವರ್ಷ ಜೂನಿಯರ್‌ಗಳನ್ನು ಬಂಡೆಗೆ ಕರೆದೊಯ್ಯಬಲ್ಲರು. ಒಮ್ಮೆ ಹೋಗಿ ಬಂದ ನಲವತ್ತು ಮಂದಿಗೆ ಅದು ಆಗುವುದಿಲ್ಲ. ಹಾಸನದಿಂದ ಸಕಲೇಶಪುರ, ಸುಬ್ರಹ್ಮಣ್ಯದ ಮೇಲೆ ಕರಾವಳಿಗೆ ರೈಲಿದೆ. ಬಸ್ಸು ಬಾಡಿಗೆಗೆ ಹಿಡಿಯುವುದಕ್ಕಿಂತ ಅಗ್ಗ.

ಮನೆಯವರ ವಿಷಯ. ಸಭೆ ಕರೆದು ಹವಳದ ಭಾಷಣ ಮಾಡಬೇಡಿ. ಅವರ ಮನಸ್ಸಲ್ಲಿರುವ ಪ್ರಶ್ನೆ ಬೇರೆ. ರಾತ್ರಿ ಎಲ್ಲಿ ಮಲಗುತ್ತಾರೆ, ಬಟ್ಟೆ ಎಲ್ಲಿ ಬದಲಿಸುತ್ತಾರೆ, ನೀರಲ್ಲಿ ಯಾರು ಹಿಡಿದುಕೊಳ್ಳುತ್ತಾರೆ. ಇದನ್ನು ಅವರು ಕೇಳುವ ಮೊದಲೇ ನೀವೇ ಹೇಳಿ. ಡೈವಿಂಗ್ ಕೇಂದ್ರದವರಿಗೆ ಮುಂಚೆಯೇ ಫೋನ್ ಮಾಡಿ ಮಹಿಳಾ ಇನ್‌ಸ್ಟ್ರಕ್ಟರ್ ಇದ್ದಾರಾ, ದೋಣಿಯಲ್ಲಿ ಮರೆ ಇದೆಯಾ, ಆಮ್ಲಜನಕದ ಕಿಟ್ ಇದೆಯಾ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಮಂದಿ ಅಂತ ಕೇಳಿ. ಸರಿಯಾಗಿ ಉತ್ತರ ಕೊಡದಿದ್ದರೆ ಬೇರೆಯವರನ್ನು ನೋಡಿ. ಒಂದಿಬ್ಬರು ತಾಯಂದಿರನ್ನೂ ಬಂಡೆಯ ಪ್ರವಾಸಕ್ಕೆ ಕರೆದುಕೊಂಡು ಹೋಗಿ. ಅಮ್ಮ ಒಮ್ಮೆ ಆ ಗುಂಡಿಯ ಪಕ್ಕ ಕೂತರೆ ಅರ್ಧ ಕೆಲಸ ಆಯಿತು. ತಮಿಳುನಾಡಿನ ಗೃಹಿಣಿ ಉಮಾ ಮಣಿ ಐವತ್ತರ ಹತ್ತಿರದ ವಯಸ್ಸಲ್ಲಿ ಈಜು ಕಲಿತು, ಡೈವಿಂಗ್ ಕಲಿತು, ಕಂಡ ಹವಳವನ್ನೆಲ್ಲ ಬಣ್ಣದಲ್ಲಿ ಬಿಡಿಸುತ್ತಾ ಬಂದವರು. ತಾಯಂದಿರಿಗೆ ಅವರ ಬಗ್ಗೆ ಹೇಳಿ.

ಹುಡುಗಿಯರಿಗೆ ಇನ್ನಿಬ್ಬರ ಬಗ್ಗೆ ಹೇಳಿ. ಒಬ್ಬರು ಅಮೆರಿಕದ ಕಡಲ ವಿಜ್ಞಾನಿ ಸಿಲ್ವಿಯಾ ಅರ್ಲ್. 1970ರಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳ ಕಡಲ ತಳದಲ್ಲಿ ಒಂದು ಮನೆಯಂಥ ಪ್ರಯೋಗಾಲಯ ಇತ್ತು. ಗಂಡಸರ ಜೊತೆ ಹೆಂಗಸರನ್ನು ಕಳಿಸಲು ಅಧಿಕಾರಿಗಳು ಹಿಂಜರಿದರು. ಆಗ ಐವರು ಹೆಂಗಸರದ್ದೇ ತಂಡ ಆಯಿತು. ಸಿಲ್ವಿಯಾ ಅದರ ನಾಯಕಿ. ಎರಡು ವಾರ ನೀರಡಿಯಲ್ಲೇ ಇದ್ದು ಕೆಲಸ ಮಾಡಿದರು. ಇನ್ನೊಬ್ಬರು ರಾಮೇಶ್ವರದ ಹತ್ತಿರ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ. ಅಲ್ಲಿನ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಹಿಡಿದು ಮುಳುಗಿ, ಮನ್ನಾರ್ ಕೊಲ್ಲಿಯ ಕಡಲಪಾಚಿ ಕೀಳುತ್ತಾರೆ. ಹೊಟ್ಟೆಪಾಡಿನ ಕೆಲಸ ಅದು. ಆ ಕೊಲ್ಲಿಯ 21 ದ್ವೀಪಗಳು 1986ರಿಂದ ರಾಷ್ಟ್ರೀಯ ಉದ್ಯಾನ. ಹವಳ ಇರುವ ಜಾಗವೂ ಹೌದು. ಕಡಲು ಉಳಿಯಲಿ ಅಂತ ಆ ಹೆಂಗಸರು ತಾವೇ ತಿಂಗಳಲ್ಲಿ 12 ದಿನ ಮಾತ್ರ ಇಳಿಯುವ ಕಟ್ಟಳೆ ಮಾಡಿಕೊಂಡರು. 2015ರಲ್ಲಿ ಲಕ್ಷ್ಮಿಯವರಿಗೆ, ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು. ನನಗೆ ಸಿಲ್ವಿಯಾಗಿಂತ ಇವರೇ ದೊಡ್ಡವರು. ದುಡಿಮೆಯನ್ನು ತಾವೇ ಕಡಿಮೆ ಮಾಡಿಕೊಂಡು ಕಡಲನ್ನು ಕಾದವರು.

ಈಗ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಬಂದ್. ಲಕ್ಷದ್ವೀಪದಂಥ ದೊಡ್ಡ ದಿಬ್ಬ ಅಲ್ಲಿಲ್ಲ. ಬಂಡೆಯ ದ್ವೀಪದ ಸುತ್ತ ಅಲ್ಲಲ್ಲಿ ಹವಳ ಬೆಳೆದಿದೆ. ಕಲಿಯುವವರಿಗೆ ಅಷ್ಟು ಸಾಕು. ಬೆಳಿಗ್ಗೆ ಎರಡು ಇಡ್ಲಿಗಿಂತ ಜಾಸ್ತಿ ತಿನ್ನಿಸಬೇಡಿ, ದೋಣಿ ಕುಲುಕಿದರೆ ವಾಂತಿ ಬರುತ್ತದೆ. ನೆಗಡಿ ಇದ್ದವರು ಆ ದಿನ ಇಳಿಯಬಾರದು. ಕೆಳಗೆ ಇಳಿಯುತ್ತಾ ಕಿವಿಗೆ ಒತ್ತಡ ಬೀಳುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಬೇಕು, ನೆಗಡಿಯಲ್ಲಿ ಅದು ಆಗುವುದಿಲ್ಲ. ಆಸ್ತಮಾ, ಮೂರ್ಛೆ, ಹೃದಯದ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಮುಟ್ಟಾಗಿದ್ದರೆ ಇಳಿಯಬಹುದಾ ಅಂತ ಹುಡುಗಿಯರು ನಿಮ್ಮ ಕಿವಿಯಲ್ಲಿ ಕೇಳುತ್ತಾರೆ. ಇಳಿಯಬಹುದು. ಕಪ್ ಅಥವಾ ಟ್ಯಾಂಪನ್ ಬಳಸುವವರಿಗೆ ಏನೂ ತೊಂದರೆ ಇಲ್ಲ. ಮುಟ್ಟಿನ ರಕ್ತಕ್ಕೆ ಶಾರ್ಕ್ ಬರುತ್ತದೆ ಎಂಬುದು ಸುಳ್ಳು. ದುಪಟ್ಟಾ, ಬಳೆ, ಸರ ಎಲ್ಲ ದಡದಲ್ಲೇ ಬಿಡಲಿ. ತುಂಬು ತೋಳಿನ ಬಿಗಿ ಬಟ್ಟೆ ಹಾಕಿದರೆ ಸನ್‌ಸ್ಕ್ರೀನ್ ಅಷ್ಟು ಬೇಕಾಗುವುದಿಲ್ಲ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಒಳ್ಳೆಯದಲ್ಲ ಅಂತ ಹವಾಯಿಯಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ.

ಘಟ್ಟದ ಮೇಲಿನವರಿಗೆ ಮಾತ್ರ ಬೇಕಾದ ಒಂದು ಎಚ್ಚರಿಕೆ ಇದೆ, ದಯವಿಟ್ಟು ಗಮನಿಸಿ. ಡೈವ್ ಮಾಡಿದ ದಿನವೇ ಊರಿಗೆ ಹೊರಡಬೇಡಿ. ನೀರಡಿಯ ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಹೆಚ್ಚು ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅದಕ್ಕೂ ಮೊದಲೇ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು ಸಾರಜನಕ ರಕ್ತದಲ್ಲೇ ಗುಳ್ಳೆಗಳಾಗಿ ಅಪಾಯ ಆಗಬಹುದು. ವಿಮಾನ ಹತ್ತಬೇಡಿ ಅಂತ ಎಲ್ಲರಿಗೂ ಹೇಳುತ್ತಾರೆ. ಆದರೆ ಹಾಸನ 900 ಮೀಟರಿಗಿಂತ ಎತ್ತರದಲ್ಲಿದೆ, ಚಿಕ್ಕಮಗಳೂರು 1,000 ದಾಟುತ್ತದೆ. ಶಿರಾಡಿ, ಚಾರ್ಮಾಡಿ ಹತ್ತುವುದೂ ಅದೇ ಲೆಕ್ಕ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಸಲ ಇಳಿದಿದ್ದರೆ 18 ಗಂಟೆ ಕಡಲ ಮಟ್ಟದಲ್ಲೇ ಇರಿ. ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ.

ಕೆಳಗೆ ಹೋದಾಗ ಹುಡುಗಿಯರು ಮೊದಲು ಗಮನಿಸುವುದು ಸದ್ದು. ಕಡಲೊಳಗೆ ಮೌನ ಇರುತ್ತದೆ ಅಂದುಕೊಂಡಿರುತ್ತಾರೆ. ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಸುತ್ತಲೂ ಚಟಪಟ ಕೇಳುತ್ತಲೇ ಇರುತ್ತದೆ. ಅದು ಚಿಟಿಕೆ ಹೊಡೆಯುವ ಪುಟ್ಟ ಸೀಗಡಿಗಳ ಸದ್ದು. ಜೀವಂತ ದಿಬ್ಬದಲ್ಲಿ ಇದು ನಿಲ್ಲುವುದೇ ಇಲ್ಲ. ಆಮೇಲೆ ಕೆಂಪು ಬಣ್ಣ ಕಾಣದಾಗಿದ್ದು ಗೊತ್ತಾಗುತ್ತದೆ. ನೀರು ಮೊದಲು ನುಂಗುವುದೇ ಕೆಂಪನ್ನು. ಕೈ ಎರಡೂ ಕಟ್ಟಿಕೊಂಡಿರಲಿ. ದುಂಡನೆಯ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕಾಲಿಗೆ ಹಾಕುವ ಫಿನ್‌ನ ಒಂದು ಏಟಿಗೆ ಅವರ ವಯಸ್ಸಿನಷ್ಟು ವರ್ಷದ ಬೆಳವಣಿಗೆ ಮುರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್‌ನವರು ಹವಳದ ಬಣ್ಣ ಹೋಲಿಸಿ ನೋಡುವ ಒಂದು ಕಾರ್ಡ್ ಮಾಡಿದ್ದಾರೆ. ಅದನ್ನು ತರಿಸಿಕೊಳ್ಳಿ. ಹವಳ ಎಷ್ಟು ಬಿಳಿಚಿದೆ ಅಂತ ಬರೆದುಕೊಳ್ಳಲು ವಿಜ್ಞಾನಿಯೇ ಆಗಬೇಕಿಲ್ಲ.

ಹುಡುಗಿಯರಿಗೆ ಸುಳ್ಳು ಭರವಸೆ ಕೊಡಬೇಡಿ. ಹವಳಕ್ಕೆ ದೊಡ್ಡ ಶತ್ರು ಕಡಲಿನ ಬಿಸಿ. 1998, 2010, 2014ರಿಂದ 17, ಈಗ 2023ರಿಂದ ಶುರುವಾದದ್ದು, ಹೀಗೆ ಇಡೀ ಜಗತ್ತಿನ ಹವಳ ನಾಲ್ಕು ಸಲ ಬಿಳಿಚಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ನೋಡುತ್ತಾ ಬಂದಿದ್ದಾರೆ. ಅವರ ಲೆಕ್ಕದಲ್ಲಿ 24 ವರ್ಷದಲ್ಲಿ ಹವಳ ಸುಮಾರು ಅರ್ಧಕ್ಕೆ ಇಳಿದಿದೆ. ಹವಳದ ತುಂಡು ನೆಟ್ಟು ಇದನ್ನು ತಡೆಯಲು ಆಗುವುದಿಲ್ಲ. ಹಾಗಾದರೆ ಮಾಡುವುದೇನು? ಎರಡು ಬಿಸಿಗಳ ನಡುವೆ ಹವಳ ಚೇತರಿಸಿಕೊಳ್ಳಲು ಬಿಡುವು ಬೇಕು. ಹವಳವನ್ನು ಹೊರಗಿಂದ ಮುಚ್ಚುವ ಪಾಚಿಯನ್ನು ಮೇಯುವ ಗಿಳಿಮೀನಿನಂಥವು ಇದ್ದರೆ, ನೀರು ತಿಳಿಯಾಗಿದ್ದರೆ, ಲಂಗರು ಬಿದ್ದು ಮುರಿಯದಿದ್ದರೆ ಅದು ಬೇಗ ಆಗುತ್ತದೆ. ಇದು ಮನುಷ್ಯರ ಕೈಯಲ್ಲಿದೆ. ಕರಾವಳಿಯ ಮೀನು ಘಟ್ಟ ಹತ್ತಿ ಹಾಸನದ ಮಾರ್ಕೆಟ್ಟಿಗೂ ಬರುತ್ತದೆ. ಒಂದು ಭಾನುವಾರ ಅಲ್ಲಿ ನಿಂತು ಯಾವ ಮೀನು, ಎಷ್ಟು ಗಾತ್ರ ಅಂತ ಬರೆಯಲಿ. ಗಿಳಿಮೀನು ಬರುತ್ತಿದೆಯಾ, ಮೊಟ್ಟೆಯಿಡುವ ಮೊದಲೇ ಹಿಡಿದ ಮರಿಗಳಿವೆಯಾ ಅಂತ ನೋಡಲಿ.

ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ರಿಡ್ಜ್ ಕಲ್ಲಿದೆ. ಅದರ ಒಂದು ಕಡೆ ಬಿದ್ದ ಮಳೆ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ. ಕಡಲಿಗೆ ಹೋಗುವ ಮೊದಲು ಹುಡುಗಿಯರನ್ನು ಅಲ್ಲಿಗೆ ಕರೆದೊಯ್ಯಿರಿ. ನೇತ್ರಾವತಿಯ ನೀರು ನೇತ್ರಾಣಿಯ ಹವಳ ಕೊಲ್ಲುತ್ತದೆ ಅಂತ ಮಾತ್ರ ಹೇಳಬೇಡಿ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಇದೆ. ಹೊಳೆ ತರುವ ಮಣ್ಣು ಹವಳದ ಬೆಳಕು ತಡೆಯುತ್ತದೆ, ಗೊಬ್ಬರ ಹವಳವನ್ನು ಮುಚ್ಚುವ ಪಾಚಿಯನ್ನು ಬೆಳೆಸುತ್ತದೆ ಎಂಬುದು ಜಗತ್ತಿನ ಎಲ್ಲ ಕಡೆ ನಿಜ. ಅಷ್ಟನ್ನು ಹೇಳಿದರೆ ಸಾಕು.

ಈ ಎಂಟು ಮಂದಿಯಲ್ಲಿ ಯಾರಾದರೂ ಒಬ್ಬಳು "ನಾನು ಇದನ್ನೇ ಓದುತ್ತೇನೆ" ಅನ್ನಬಹುದು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿದೆ. ಸಿಇಟಿ ಮೂಲಕ ಸೀಟು. ಬಿಎಸ್ಸಿ ಮುಗಿಸಿದವರಿಗೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ನೇತ್ರಾಣಿಗೆ ಹೋದಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಕಾರವಾರಕ್ಕೂ ಹೋಗಿ ಬನ್ನಿ. ಮೊದಲೇ ಪತ್ರ ಬರೆದು, ಅಲ್ಲಿ ಓದುತ್ತಿರುವ ಹುಡುಗಿಯರ ಜೊತೆ ಒಂದು ಗಂಟೆ ಕೂತು ಮಾತಾಡಲು ಅವಕಾಶ ಕೇಳಿ. ಹಾಸ್ಟೆಲ್ ಹೇಗಿದೆ, ದೋಣಿಯಲ್ಲಿ ಹೋಗುವಾಗ ಜೊತೆಗೆ ಯಾರಿರುತ್ತಾರೆ, ಮುಂದೆ ಕೆಲಸ ಎಲ್ಲಿ ಸಿಗುತ್ತದೆ ಅಂತ ನಿಮ್ಮ ಹುಡುಗಿಯರು ಅವರನ್ನೇ ಕೇಳಲಿ.